ಹಿತ್ತಿಲ ಹಕ್ಕಿಯೂ ಹೊತ್ತಗೆಯೂ

ಆಲೂರು ಸೀಮೆಯ ಕೆ. ಹೊಸಕೋಟೆಯ ಸುತ್ತಣ ಕಾಫಿತೋಟಗಳಲ್ಲಿ ಕುಟ್ರು ಹಕ್ಕಿಯ ಕೂಗನ್ನು ಕೇಳದವರಿಲ್ಲ. ಅದನ್ನು ಕಣ್ಣಾರೆ ಕಂಡವರು ಮಾತ್ರ ವಿರಳ. ಎಲೆಯ ಹಸುರನ್ನೇ ಹೊದ್ದ ಆ ಹಕ್ಕಿ ನೆರಳುಮರದ ಕೊಂಬೆಯಲ್ಲಿ ಕುಳಿತು ಬಹಳ ಹೊತ್ತಿನವರೆಗೆ ತನ್ನ ಹೆಸರನ್ನು ತಾನೇ ಕೂಗುತ್ತಿರುವುದು. ಮಲೆನಾಡಿನ ಮನೆಗಳಲ್ಲಿ ಹಕ್ಕಿಗಳ ಪರಿಚಯವು ಹೀಗೆ ಕಿವಿಯಿಂದ ಮೊದಲಾಗಿ ಬಾಯಿಂದ ಬಾಯಿಗೆ ಸಾಗಿಬಂದಿತು. ಕಂಡ ಹಕ್ಕಿಯ ಹೆಸರನ್ನು ಪುಸ್ತಕ ತೆರೆದು ತಿಳಿಯುವ ಪದ್ಧತಿ ಈಚಿನದು.

ಕನ್ನಡನಾಡಿನ ಅರಸರಿಗೆ ಪಕ್ಷಿವಿದ್ಯೆಯಲ್ಲಿ ಆಸ್ಥೆಯಿಲ್ಲದೆ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಡೇಗೆಯ ಬೇಟೆಯೂ ಕೋಳಿಯಂಕವೂ ವರ್ಣಿತವಾಗಿವೆ. ಅದು ಅರಮನೆಯ ವಿನೋದಕ್ಕೆ ಸಂದ ವಿದ್ಯೆ, ಗೃಹಸ್ಥರಿಗಾಗಿ ಬರೆದುದಲ್ಲ.

ಮದ್ರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ 1862ರಿಂದ 1864ರ ವರೆಗೆ ‘ದಿ ಬರ್ಡ್ಸ್ ಆಫ್ ಇಂಡಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಕೋವಿಯಿಂದ ಕೆಡಹಿದ ಹಕ್ಕಿಯನ್ನು ಕೈಯಲ್ಲಿ ಹಿಡಿದು ರೆಕ್ಕೆ ಕೊಕ್ಕುಗಳನ್ನು ಅಳೆಯುವ ಕಾಲ ಅದು. ಜಗಲಿಯಲ್ಲಿ ನಿಂತು ಮರದತ್ತ ನೋಡುವವನಿಗೆ ಆ ಅಳತೆಗಳಿಂದೇನು ಪ್ರಯೋಜನ? ಉತ್ತರ ಕನ್ನಡದಲ್ಲಿಯೂ ಅಧಿಕಾರಿಯಾಗಿದ್ದ ಏಟ್ಕನ್ ಎಂಬವನು 1900ರಲ್ಲಿ ಮುಂಬಯಿಯ ಸಾಮಾನ್ಯ ಹಕ್ಕಿಗಳನ್ನು ಕುರಿತು ತಂದ ಪುಸ್ತಕವು ಈ ಕೊರತೆಯನ್ನು ಕೊಂಚ ನೀಗಿತು.

ಆಲೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದಾಗ, 1939-40ರಲ್ಲಿ, ಸಲೀಂ ಅಲಿಯವರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ವಿದ್ವಾಂಸರ ಪತ್ರಿಕೆಗೆ ಸಂದಿತು. ಮನೆಗಳಿಗೆ ಬಂದುದು 1941ರ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’. ಅದರ ಹಿರಿಮೆಯು ಬಣ್ಣದ ಚಿತ್ರಗಳಲ್ಲಿ ಮಾತ್ರವೇ ಇಲ್ಲ. ಹೊಸ ಹಕ್ಕಿಯ ಗಾತ್ರವನ್ನು ಗುಬ್ಬಿ, ಪಿಕಳಾರ, ಗೊರವಂಕ, ಕಾಗೆ, ಹದ್ದುಗಳೊಡನೆ ಹೋಲಿಸಿ ಹೇಳಿದುದು ಅದರ ನಿಜವಾದ ಜಾಣ್ಮೆ. ಅಕ್ಷರ ಬಾರದ ಅಜ್ಜಿಗೂ ತಿಳಿದಿರುವ ಹಕ್ಕಿಗಳೇ ಅಲ್ಲಿ ಅಳತೆಗೋಲು! ಆದರೆ ಆ ಅಳತೆಗೋಲನ್ನು ವಿವರಿಸಿದ ಭಾಷೆ ಇಂಗ್ಲಿಷು. ಹಕ್ಕಿಯನ್ನು ಬಲ್ಲವರಿಗೆ ಪುಸ್ತಕವೂ, ಪುಸ್ತಕ ಓದಬಲ್ಲವರಿಗೆ ಹಕ್ಕಿಯ ಮನೆಹೆಸರೂ ದೂರವಾದುವು.

ಸಕಲೇಶಪುರಕ್ಕೆ ನೆರೆಯಾದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938-2007) ‘ಕನ್ನಡ ನಾಡಿನ ಹಕ್ಕಿಗಳು’ ಮೊದಲಾದ ಗ್ರಂಥಗಳಿಂದ ಈ ಅಂತರವನ್ನು ಬಹುಮಟ್ಟಿಗೆ ತುಂಬಿದರು. ಕನ್ನಡದಲ್ಲಿ ಬರೆಯುವವರಿಗೆ ಹೆಸರುಗಳದೇ ದೊಡ್ಡ ತೊಡಕು. ಮಲೆನಾಡಿನ ಹಿತ್ತಿಲಲ್ಲಿ ಎರಡು ಬಗೆಯ ಪಿಕಳಾರಗಳುಂಟು. ಬಾಲದ ಬುಡದ ಕೆಂಪು ಎರಡಕ್ಕೂ ಸಮಾನವಾದುದರಿಂದ ಹೊಸಬನು ಅಲ್ಲಿಯೇ ಮೋಸಹೋಗುವನು. ನೋಡಬೇಕಾದುದು ತಲೆಯನ್ನು: ಚೂಪಾದ ಕಪ್ಪುಜುಟ್ಟು, ಬಿಳಿಗೆನ್ನೆ, ಅದರ ಮೇಲೊಂದು ಕೆಂಪು ಗುರುತು ಇದ್ದರೆ ಅದು ಕೆಮ್ಮೀಸೆ ಪಿಕಳಾರ. ಇಲ್ಲಿ ‘ಪಿಕಳಾರ’ ಮನೆಯದು, ‘ಕೆಮ್ಮೀಸೆ’ ಇಂಗ್ಲಿಷಿನ ಅನುವಾದ. ಈ ಕೂಡಿಕೆ ಒಪ್ಪತಕ್ಕದ್ದೇ. ಕುಟ್ರುವಿನಂಥ ಹೆಸರನ್ನು ಬಿಟ್ಟು ಬರಿಯ ಅನುವಾದವನ್ನಿಟ್ಟರೆ ಮಾತ್ರ ತೋಟದ ಆಳು ಮರವನ್ನು ತೋರಿಸಲಾರನು.

ಪುಸ್ತಕವು ಮನೆಮಾತಿಗೆ ಕೂಡಿಸಿಕೊಟ್ಟುದೂ ಉಂಟು. ಕಪ್ಪುಬಿಳುಪಿನ ಮಡಿವಾಳ ಹಕ್ಕಿಯನ್ನು ಎಲ್ಲರೂ ಗುರುತಿಸುವರು. ಕಪ್ಪಿರಬೇಕಾದಲ್ಲಿ ಬೂದುಬಣ್ಣವಿರುವ ಇನ್ನೊಂದನ್ನು ಬೇರೆ ಜಾತಿಯೆಂದು ಎಣಿಸುವವರುಂಟು. ಅದು ಅದರ ಹೆಣ್ಣೆಂಬುದು ಅಕ್ಕಪಕ್ಕದ ಎರಡು ಚಿತ್ರಗಳನ್ನು ನೋಡಿದೊಡನೆ ಮಕ್ಕಳಿಗೂ ತಿಳಿಯುವುದು.