ಮುಳ್ಳಿಲ್ಲದ ಗಾಳ, ಜೀವಂತ ಎರೆ

ಗಾಳ ಹಾಕಿ ಮೀನು ಹಿಡಿಯುವುದನ್ನು ನೋಡಿದವರಿಗೆ ಗಾಳದ ರಚನೆ ಪರಿಚಿತ. ಬಾಗಿದ ತಂತಿಯ ಚೂಪು ತುದಿಯ ಹತ್ತಿರ, ಹಿಂದಕ್ಕೆ ಮುಖಮಾಡಿದ ಸಣ್ಣದೊಂದು ಮುಳ್ಳು ಇರುತ್ತದೆ. ಒಳಹೊಕ್ಕ ಗಾಳ ಸುಲಭವಾಗಿ ಹೊರಬಾರದಂತೆ ತಡೆಯುವುದು ಈ ಹಿಮ್ಮುಳ್ಳಿನ ಕೆಲಸ. ಆದರೆ ಮಾಲ್ಡೀವ್ಸ್ ದ್ವೀಪಗಳಲ್ಲೂ ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಟ್ಯೂನಾ ಹಿಡಿಯುವ ಗಾಳಕ್ಕೆ ಹಿಮ್ಮುಳ್ಳು ಇಲ್ಲ. ಅದಕ್ಕೆ ಎರೆಯನ್ನು ಸಿಕ್ಕಿಸುವುದೂ ಇಲ್ಲ. ಹೀಗಿದ್ದರೂ ಇದರ ಹೆಸರು ಜೀವಂತ ಎರೆಯ ಮೀನುಗಾರಿಕೆ. ತೆರೆದ ಕಡಲಿನಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ಈ ಸಲಕರಣೆಯ ಆಯ್ಕೆಯ ಹಿಂದೆ ಅಚ್ಚುಕಟ್ಟಾದ ತರ್ಕವಿದೆ.

ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ 1343ರಲ್ಲಿ ಮಾಲ್ಡೀವ್ಸ್ ತಲುಪಿದ. ಅಲ್ಲಿನ ಕೆಂಪು ಮಾಂಸದ ಮೀನನ್ನು ನಾಲ್ಕು ತುಂಡು ಮಾಡಿ, ಬೇಯಿಸಿ, ಹೊಗೆಯಲ್ಲಿ ಒಣಗಿಸಿ ಭಾರತ, ಚೀನಾ ಮತ್ತು ಯೆಮನ್‌ಗಳಿಗೆ ಕಳುಹಿಸುತ್ತಿದ್ದರೆಂದು ಅವನು ಬರೆದಿದ್ದಾನೆ. ಸಲಕರಣೆಯ ವರ್ಣನೆ ಸಿಗುವುದು ಫ್ರಾನ್ಸಿನ ಫ್ರಾನ್ಸ್ವಾ ಪಿರಾರ್‌ನ ಬರವಣಿಗೆಯಲ್ಲಿ. 1602ರಲ್ಲಿ ಹಡಗು ಒಡೆದು ಮಾಲ್ಡೀವ್ಸ್‌ನಲ್ಲಿ ಸಿಕ್ಕಿಬಿದ್ದ ಪಿರಾರ್ 1607ರವರೆಗೆ ಅಲ್ಲಿಯೇ ಉಳಿಯಬೇಕಾಯಿತು. ದಪ್ಪ ಗಳ, ಅದಕ್ಕೆ ಕಟ್ಟಿದ ಗಿಡ್ಡನೆಯ ಹತ್ತಿದಾರ, ತವರ ಲೇಪಿಸಿ ಬೆಳ್ಳಗೆ ಮಾಡಿದ ಗಾಳ, ಇವಿಷ್ಟೇ ಅವನು ಕಂಡ ಉಪಕರಣ. ಹಿಂದಿನ ದಿನವೇ ಹಿಡಿದ ಸಣ್ಣ ಮೀನುಗಳನ್ನು ತೆಂಗಿನ ನಾರಿನ ಬಲೆಚೀಲಗಳಲ್ಲಿ ಜೀವಂತವಾಗಿ ಇಟ್ಟುಕೊಂಡು, ಆಳ ಕಡಲಿಗೆ ಹೋದ ಮೇಲೆ ಅವನ್ನು ನೀರಿಗೆ ಎರಚುತ್ತಿದ್ದರಂತೆ. ನುಗ್ಗಿಬಂದ ದೊಡ್ಡ ಮೀನುಗಳು ಹೊಳೆಯುವ ಗಾಳವನ್ನೇ ಸಣ್ಣ ಮೀನೆಂದು ಭ್ರಮಿಸಿ ಕಚ್ಚುತ್ತಿದ್ದವು. ನಾನೂರು ವರ್ಷಗಳ ಹಿಂದಿನ ಈ ವರ್ಣನೆಯನ್ನು ಇಂದಿನ ದೋಣಿಗೆ ಅನ್ವಯಿಸಲು ಬದಲಿಸಬೇಕಾದ ಮಾತುಗಳು ಕೆಲವೇ.

ಹಿಮ್ಮುಳ್ಳನ್ನು ಬಿಟ್ಟಿದ್ದೇಕೆ? ಇಲ್ಲಿ ಹಿಡಿಯುವ ಮುಖ್ಯ ಮೀನು ಸ್ಕಿಪ್‌ಜಾಕ್ ಟ್ಯೂನಾ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಲೋಗ್ರಾಂ ತೂಗುವ ಇದು ಹಿಂಡಿನಲ್ಲಿ ಚಲಿಸುತ್ತದೆ. ಎರೆ ಕಂಡಾಗ ಹಿಂಡು ಹುಚ್ಚೆದ್ದು ಮುತ್ತಿಕೊಳ್ಳುತ್ತದೆ, ಕೆಲವು ನಿಮಿಷಗಳಲ್ಲಿ ಆಸಕ್ತಿ ಕಳೆದುಕೊಂಡು ಹೊರಟುಹೋಗುತ್ತದೆ. ಹವ್ಯಾಸಿ ಬೇಟೆಗಾರ ರಾಟೆಯ ನೂಲನ್ನು ಬಿಟ್ಟು ಎಳೆದು ಒಂದೇ ಮೀನಿನೊಡನೆ ಅರ್ಧ ಗಂಟೆ ಸೆಣಸಬಹುದು. ಹೊಟ್ಟೆಪಾಡಿನ ಬೆಸ್ತನಿಗೆ ಆ ಪುರುಸೊತ್ತು ಇಲ್ಲ. ಆದ್ದರಿಂದ ರಾಟೆ ಬೇಡ, ಉದ್ದ ದಾರ ಬೇಡ, ಹಿಮ್ಮುಳ್ಳೂ ಬೇಡ. ದಾರ ಬಿಗಿಯಾಗಿರುವವರೆಗೆ ಮಾತ್ರ ಮೀನು ಗಾಳಕ್ಕೆ ಅಂಟಿರುತ್ತದೆ. ತಲೆಯ ಮೇಲಿಂದ ಬೀಸಿ ಒಳಗೆ ಎಸೆದಾಗ ದಾರ ಸಡಿಲಗೊಂಡು ಮೀನು ತಾನಾಗಿ ಕಳಚಿ ಬೀಳುತ್ತದೆ. ಕೈಯಿಂದ ಬಿಡಿಸುವ ಕೆಲಸವಿಲ್ಲದ ಕಾರಣ ಗಾಳ ಮರುಕ್ಷಣವೇ ನೀರಿಗಿಳಿಯುತ್ತದೆ.

ಗಳದ ಮೇಲೆ ಬೀಳುವ ಬಲವನ್ನೂ ಲೆಕ್ಕಹಾಕೋಣ. 3 ಮೀಟರ್ ಗಳದ ಬುಡವನ್ನು ಸೊಂಟಕ್ಕೆ ಆನಿಸಿ, ಬುಡದಿಂದ ಅರ್ಧ ಮೀಟರ್ ಮೇಲೆ ಕೈಯಿಂದ ಹಿಡಿದಿದ್ದಾರೆ ಎಂದುಕೊಳ್ಳಿ. ಗಳ ಅಡ್ಡಲಾಗಿರುವಾಗ ತುದಿಯಲ್ಲಿ 3 ಕಿಲೋಗ್ರಾಂ ಮೀನು ತೂಗಿದರೆ ಕೈ ಎತ್ತಬೇಕಾದ ಭಾರ 18 ಕಿಲೋಗ್ರಾಂಗಳಷ್ಟು. ಸನ್ನೆಗೋಲಿನ ನಿಯಮ ಇಲ್ಲಿ ಬೆಸ್ತನಿಗೆ ಪ್ರತಿಕೂಲ. ಅದಕ್ಕಾಗಿಯೇ ಅವನು ಮೀನನ್ನು ನಿಧಾನವಾಗಿ ಎತ್ತುವುದಿಲ್ಲ. ಮೇಲ್ಮೈ ಕಡೆಗೆ ನುಗ್ಗುವ ಮೀನಿನ ವೇಗವನ್ನೇ ಬಳಸಿಕೊಂಡು, ಕಚ್ಚಿದ ಕ್ಷಣದಲ್ಲಿ ಅದರ ದಿಕ್ಕನ್ನು ದೋಣಿಯತ್ತ ತಿರುಗಿಸುತ್ತಾನೆ. ಗಳ ಹಗುರವಾಗಿರಬೇಕು, ಬಳುಕಿ ಮುರಿಯಬಾರದು. ಬಿದಿರು ಇದಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಟೊಳ್ಳು ಕೊಳವೆಯಲ್ಲಿ ದ್ರವ್ಯವೆಲ್ಲ ಅಕ್ಷದಿಂದ ದೂರವಿದ್ದು, ಅಷ್ಟೇ ತೂಕದ ಘನ ಕೋಲಿಗಿಂತ ಹೆಚ್ಚು ಬಿಗಿತ ಸಿಗುತ್ತದೆ. ಕಾಗದದ ಹಾಳೆಯನ್ನು ಸುರುಳಿ ಸುತ್ತಿ ತರಗತಿಯಲ್ಲೇ ಇದನ್ನು ತೋರಿಸಬಹುದು.

ಇನ್ನು ಎರೆ. ಸಲಕರಣೆಯಲ್ಲಿ ನಿಜವಾಗಿ ಸೂಕ್ಷ್ಮವಾದ ಭಾಗ ಇದು. ಸ್ಪ್ರಾಟೆಲಾಯ್ಡಿಸ್ ಕುಲದ ಸಣ್ಣ ಮೀನುಗಳು, ಅಂದರೆ ನಮ್ಮ ಬೂತಾಯಿಯ ದೂರದ ನೆಂಟರು, ಹವಳದ ದಿಬ್ಬದೊಳಗಿನ ಲಗೂನ್‌ನಲ್ಲಿ ಸಿಗುತ್ತವೆ. ಒರಟಾಗಿ ಮುಟ್ಟಿದರೆ ಹುರುಪೆ ಉದುರಿ ಸಾಯುತ್ತವೆ. ಒತ್ತೊತ್ತಾಗಿ ತುಂಬಿದಾಗ ನೀರಿನ ಆಕ್ಸಿಜನ್ ಬೇಗ ಮುಗಿಯುತ್ತದೆ. ಯಂತ್ರವಿಲ್ಲದ ಕಾಲದ ದೋಣಿಯಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಎರೆಯ ಕೋಣೆಯ ತಳದಲ್ಲಿ ತೂತುಗಳನ್ನು ಕೊರೆದು ಬಿರಡೆ ಹಾಕಿರುತ್ತಿದ್ದರು. ಬಿರಡೆ ತೆಗೆದಾಗ ಒಳಗಿನ ನೀರು ಹೊರಗಿನ ಕಡಲಿನ ಮಟ್ಟಕ್ಕೆ ಏರಿ ನಿಲ್ಲುತ್ತದೆ. ಒಳಗಿನಿಂದ ಬಿಡದೆ ನೀರು ಮೊಗೆದು ಹೊರಚೆಲ್ಲಿದರೆ ಮಟ್ಟ ತಗ್ಗುತ್ತದೆ, ತೂತುಗಳಿಂದ ಹೊಸ ನೀರು ಉಕ್ಕುತ್ತದೆ. ಸಂಪರ್ಕಿತ ಪಾತ್ರೆಗಳ ತತ್ತ್ವವೇ ಇಲ್ಲಿ ಪಂಪು. ದೋಣಿಯ ತಳವನ್ನು ಬೇಕೆಂದೇ ತೂತು ಮಾಡುವ ಧೈರ್ಯವನ್ನು ಮೆಚ್ಚಬೇಕು!

ಕಡಲ ಹಕ್ಕಿಗಳು ಮುತ್ತಿದ ಕಡೆ ಹಿಂಡು ಇದೆಯೆಂದು ತಿಳಿದು ದೋಣಿ ಅತ್ತ ಸಾಗುತ್ತದೆ. ಒಬ್ಬ ಎರೆಮೀನು ಎರಚುತ್ತಾನೆ, ಬೇರೆಯವರು ನೀರು ಚಿಮುಕಿಸುತ್ತಾರೆ. ಶಾಂತವಾದ ನೀರಿನೊಳಗಿನ ಮೀನಿಗೆ ಮೇಲಿನ ಜಗತ್ತೆಲ್ಲವೂ ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಕಾಣುತ್ತದೆ. ಬೆಳಕಿನ ವಕ್ರೀಭವನದ ಫಲ ಇದು. ತುಂತುರು ಬಿದ್ದು ಮೇಲ್ಮೈ ಕಲಕಿದಾಗ ಗಳ, ದಾರ, ಮನುಷ್ಯರ ಆಕೃತಿ ಎಲ್ಲವೂ ಚೂರುಚೂರಾಗುತ್ತವೆ. ಸಣ್ಣ ಮೀನುಗಳು ಮೇಲೆ ಕುಣಿಯುತ್ತಿರುವಂತೆಯೂ ತೋರುತ್ತದೆ.

ಮಿನಿಕಾಯ್‌ನ ಜನರ ಭಾಷೆ, ದೋಣಿ, ಅಡುಗೆ ಎಲ್ಲವೂ ಮಾಲ್ಡೀವ್ಸ್‌ಗೆ ಹತ್ತಿರ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಎಸ್. ಜೋನ್ಸ್ 1958ರಲ್ಲಿ ಅಲ್ಲಿನ ಎರೆಮೀನುಗಾರಿಕೆಯನ್ನು ಕುರಿತು ಪ್ರಬಂಧ ಪ್ರಕಟಿಸಿದರು. 1960ರ ದಶಕದಲ್ಲಿ ಯಂತ್ರದೋಣಿಗಳು ಬಂದಂತೆ ಈ ವಿಧಾನ ಲಕ್ಷದ್ವೀಪದ ಇತರ ದ್ವೀಪಗಳಿಗೂ ಹರಡಿತು. ಅವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್ ಮುಂತಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು ಎಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ.

ಇದೇ ವಿಧಾನ ಬೇರೊಂದು ಕಡಲಿನಲ್ಲಿ ಏನಾಯಿತೆಂಬುದನ್ನೂ ನೋಡಬೇಕು. 20ನೆಯ ಶತಮಾನದ ಆರಂಭದಲ್ಲಿ ಜಪಾನ್‌ನಿಂದ ವಲಸೆ ಬಂದ ಬೆಸ್ತರು ಕ್ಯಾಲಿಫೋರ್ನಿಯಾಕ್ಕೆ ಬಿದಿರಿನ ಗಳ ಮತ್ತು ಜೀವಂತ ಎರೆಯನ್ನು ಪರಿಚಯಿಸಿದರು. ಸ್ಯಾನ್ ಡಿಯಾಗೋದ ಹಡಗುಗಳು ಎರೆಯ ತೊಟ್ಟಿ ಹೊತ್ತು ಗಲಾಪಗಸ್‌ವರೆಗೂ ಹೋದವು. ಅಲ್ಲಿನ ಹಳದಿ ರೆಕ್ಕೆಯ ಟ್ಯೂನಾ ಬಹಳ ದೊಡ್ಡದು. 20 ಕಿಲೋಗ್ರಾಂ ಮೀನಿಗೆ ನಮ್ಮ ಹಿಂದಿನ ಲೆಕ್ಕದಂತೆ 120 ಕಿಲೋಗ್ರಾಂ ಭಾರ ಎತ್ತಬೇಕು! ಅದಕ್ಕೆ ಅವರು ಒಂದೇ ಗಾಳಕ್ಕೆ ಎರಡು, ಮೂರು ಗಳಗಳನ್ನು ಕಟ್ಟಿ, ಅಷ್ಟೇ ಮಂದಿ ಒಟ್ಟಿಗೆ ಎತ್ತುತ್ತಿದ್ದರು. 1950ರ ದಶಕದಲ್ಲಿ ಅಗ್ಗದ ಜಪಾನಿ ಟ್ಯೂನಾ ಮಾರುಕಟ್ಟೆಗೆ ಬಂತು. ಕೊಳೆಯದ ನೈಲಾನ್ ಬಲೆಯೂ, ಅದನ್ನು ಎಳೆಯಲು ಮಾರಿಯೋ ಪುರೆಟಿಕ್ ರೂಪಿಸಿದ ಯಂತ್ರರಾಟೆಯೂ ಅದೇ ಕಾಲಕ್ಕೆ ಒದಗಿದವು. 1960ರ ದಶಕದ ಆರಂಭದ ವೇಳೆಗೆ ಹೆಚ್ಚಿನ ಹಡಗುಗಳು ಗಳ ಬಿಟ್ಟು ಪರ್ಸೀನ್ ಬಲೆ ಹಿಡಿದವು. ಟ್ಯೂನಾ ಜೊತೆ ಈಜುವ ಡಾಲ್ಫಿನ್‌ಗಳು ಬಲೆಯೊಳಗೆ ವರ್ಷಕ್ಕೆ ಲಕ್ಷಗಟ್ಟಲೆ ಸತ್ತವು. ಅಮೆರಿಕದ 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯಿದೆಗೆ ಇದೂ ಒಂದು ಕಾರಣ. ನಮ್ಮ ಕರಾವಳಿಯಲ್ಲಿ 1970ರ ದಶಕದ ನಡುವೆ ಪರ್ಸೀನ್ ಬಂದು ರಂಪಣಿ ಹಿಂದೆ ಸರಿದದ್ದನ್ನು ಬಲ್ಲವರಿಗೆ ಈ ಬದಲಾವಣೆಯ ವೇಗ ಅಚ್ಚರಿ ತರಲಾರದು.

ಮಾಲ್ಡೀವ್ಸ್ 1974ರಿಂದ ದೋಣಿಗೆ ಯಂತ್ರ ಕೂಡಿಸಿತಾದರೂ ಗಳವನ್ನು ಕೈಬಿಡಲಿಲ್ಲ. ಒಂದು ಗಾಳಕ್ಕೆ ಒಂದೇ ಮೀನು. ಬೇಡದ ಜೀವಿಗಳು ಸಾಯುವುದು ಬಹಳ ಕಡಿಮೆ. 2012ರಲ್ಲಿ ಈ ಮೀನುಗಾರಿಕೆಗೆ ಅಂತಾರಾಷ್ಟ್ರೀಯ ಸುಸ್ಥಿರತಾ ಪ್ರಮಾಣಪತ್ರವೂ ದೊರೆಯಿತು.

ತೊಡಕಿರುವುದು ಎರೆಯಲ್ಲಿ. ಕಡಲಿನಲ್ಲಿ ಟ್ಯೂನಾ ಎಷ್ಟೇ ಇದ್ದರೂ ಲಗೂನ್‌ನಲ್ಲಿ ಎರೆ ಸಿಗದ ದಿನ ದೋಣಿ ದಡದಲ್ಲೇ. ಸ್ಪ್ರಾಟೆಲಾಯ್ಡಿಸ್ ಮೀನುಗಳ ಆಯುಷ್ಯ ಒಂದು ವರ್ಷಕ್ಕಿಂತ ಕಡಿಮೆ. ಬೇಗ ಬೆಳೆದು ಮೊಟ್ಟೆಯಿಡುವುದರಿಂದ ಹಿಡಿದಷ್ಟೂ ಬೇಗ ತುಂಬಿಕೊಳ್ಳುತ್ತವೆ. ಅವು ಸಾಲದಾದಾಗ ಹಿಡಿಯುವ ನೀಲಿ ಕ್ರೋಮಿಸ್‌ನಂತಹ ಮೀನುಗಳ ವಿಷಯ ಬೇರೆ. ಅವು ಕವಲು ಹವಳದ ರೆಂಬೆಗಳ ನಡುವೆಯೇ ಬಾಳುತ್ತವೆ. 1998ರಲ್ಲಿ ಕಡಲ ನೀರು ಬಿಸಿಯೇರಿ ಲಕ್ಷದ್ವೀಪ ಮತ್ತು ಮಾಲ್ಡೀವ್ಸ್‌ನ ಹವಳಗಳು ಬಿಳಿಚಿದಾಗ ಹೆಚ್ಚು ಪೆಟ್ಟು ತಿಂದದ್ದು ಈ ಕವಲು ಹವಳಗಳು. 2010 ಮತ್ತು 2016ರಲ್ಲಿ ಬಿಳಿಚುವಿಕೆ ಮರುಕಳಿಸಿತು.