ಅಟ್ಟದ ಹಲಗೆಯ ಮೇಲಿನ ಗೀರು

ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಅಟ್ಟದ ಕೆಳಗೆ ನಿಂತು ಟಾರ್ಚು ಬಿಟ್ಟರೆ ಹಲಗೆಗಳ ಅಡಿಮೈಯಲ್ಲಿ ಗೀರುಗಳು ಕಾಣುತ್ತವೆ. ಕಣ್ಣಿಗೆ ಬೀಳುವ ಮೈಯನ್ನು ಬಡಗಿಗಳು ಕೀಸಿ ನುಣುಪು ಮಾಡಿದ್ದಾರೆ, ಯಾರೂ ನೋಡದ ಅಡಿಮೈಯನ್ನು ಹಾಗೇ ಬಿಟ್ಟಿದ್ದಾರೆ. ಅಲ್ಲಿನ ಗೀರುಗಳು ನೆಟ್ಟಗಿವೆ. ಆದರೆ ಒಂದು ಸ್ವಲ್ಪ ವಾಲಿದೆ, ಇನ್ನೊಂದು ಆಳವಾಗಿದೆ, ಅವುಗಳ ನಡುವಿನ ಅಂತರವೂ ಒಂದೇ ಸಮ ಇಲ್ಲ. ಹಳೆಯ ಕಟ್ಟಡಗಳನ್ನು ಅಭ್ಯಾಸ ಮಾಡುವವರಿಗೆ ಇದು ಲಿಪಿಯಿದ್ದಂತೆ. ಏರುಪೇರಾದ ನೇರ ಗೀರು ಕೈಗರಗಸದ್ದು. ಅಳೆದಿಟ್ಟಂತೆ ಒಂದೇ ಅಂತರದಲ್ಲಿರುವ ನೇರ ಗೀರು ಯಂತ್ರದ ಗರಗಸದ್ದು. ಕಾಮನಬಿಲ್ಲಿನಂತೆ ಬಾಗಿದ ಗೀರು ಕಂಡರೆ ಅದು ದುಂಡು ಗರಗಸದ್ದು, ಅಂದರೆ ನಾವು ಸರ್ಕ್ಯುಲರ್ ಸಾ ಎನ್ನುವುದರದ್ದು.

ಈ ಗೀರುಗಳನ್ನು ಮತ್ತೆ ನೋಡುವ ಹಾಗೆ ಮಾಡಿದ್ದು ನಮ್ಮ ಚಿಕ್ಕಪ್ಪ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಮರಗೆಲಸದ ಹುಚ್ಚು ಹಿಡಿದಿದೆ. ಒಂದು ಪುಸ್ತಕದ ಕಪಾಟು, ಹಿತ್ತಲಿಗೊಂದು ಬೆಂಚು, ಮೊಮ್ಮಗಳಿಗೊಂದು ಮಣೆ, ಇಷ್ಟು ಅವರ ಯೋಜನೆ. ಇದಕ್ಕಾಗಿ ಬ್ಯಾಟರಿಯಲ್ಲಿ ನಡೆಯುವ ಸರ್ಕ್ಯುಲರ್ ಸಾ ಒಂದನ್ನು ಕೊಳ್ಳಬೇಕೆಂದು ಹೊರಟು, ಅಂಗಡಿಯವನು ಹೇಳಿದ ವೋಲ್ಟು, ಆಂಪಿಯರ್, ಮಿಲಿಮೀಟರುಗಳಿಂದ ತಲೆಕೆಟ್ಟು ನನಗೆ ಫೋನು ಮಾಡಿದರು. "ನೀನು ಚರಿತ್ರೆಯಲ್ಲಿ ಪಿಎಚ್‌ಡಿ ಮಾಡ್ತಿದೀಯಲ್ಲ, ಇದರ ಚರಿತ್ರೆ ಏನು ಅಂತ ನೋಡಿ ಯಾವುದು ತಗೋಬೇಕು ಹೇಳು" ಎಂದರು. ಅವರು ಹೇಳಿದ್ದು ತಮಾಷೆಗೆ. ಆದರೆ ನೋಡುತ್ತಾ ಹೋದಂತೆ, ಅಂಗಡಿಯ ಆ ಅಂಕಿಗಳ ಹಿಂದೆ ಇನ್ನೂರೈವತ್ತು ವರ್ಷಗಳ ಜಗಳವೇ ಇದೆ ಎಂದು ಗೊತ್ತಾಯಿತು.

ಯಂತ್ರ ಬರುವ ಮೊದಲು ದಿಮ್ಮಿಯನ್ನು ಹಲಗೆ ಮಾಡಲು ಇಬ್ಬರು ಬೇಕಿತ್ತು. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಉದ್ದನೆಯ ಗರಗಸ ಎಳೆಯುತ್ತಿದ್ದರು. ಮೇಲಿನವನು ಗೆರೆ ತಪ್ಪದಂತೆ ನೋಡಿಕೊಂಡು ಗರಗಸವನ್ನು ಎತ್ತಬೇಕು, ಕೆಳಗಿನವನು ಬಲ ಹಾಕಿ ಜಗ್ಗಬೇಕು. ಮರ ಕೊಯ್ಯುವುದು ಕೆಳಕ್ಕೆ ಜಗ್ಗಿದಾಗ ಮಾತ್ರ. ಹೊಟ್ಟೆಲ್ಲ ಕೆಳಗಿನವನ ಕಣ್ಣಿಗೆ, ಮೂಗಿಗೆ. ಇಂಗ್ಲೆಂಡಿನಿಂದ ಮಲೆನಾಡಿನವರೆಗೆ ದೊಡ್ಡ ಮನೆಗಳ ತೊಲೆ, ಹಲಗೆಗಳೆಲ್ಲ ಹೀಗೆ ಎರಡು ಜೊತೆ ತೋಳುಗಳಿಂದ ಬಂದವು. ನಮ್ಮ ಅಟ್ಟದಲ್ಲಿ ಗೀರು ವಾಲಿದ ಜಾಗದಲ್ಲಿ ಯಾರೋ ಒಬ್ಬರ ಕೈ ಸೋತಿರಬೇಕು.

ಈ ದುಡಿಮೆಯನ್ನು ಯಂತ್ರಕ್ಕೆ ವಹಿಸುವ ಯೋಚನೆ ಹಳೆಯದು. ಹಾಲೆಂಡಿನಲ್ಲಿ 1590ರ ದಶಕದಲ್ಲೇ ಗಾಳಿಯಂತ್ರದಿಂದ ಗರಗಸ ನಡೆಸುತ್ತಿದ್ದರು. ಇಂಗ್ಲೆಂಡಿನಲ್ಲಿ ಮಾತ್ರ ಗರಗಸದವರು ಅದನ್ನು ಒಳಗೆ ಬಿಡಲು ಒಪ್ಪಲಿಲ್ಲ. ಚಾರ್ಲ್ಸ್ ಡಿಂಗ್ಲಿ ಎಂಬ ವ್ಯಾಪಾರಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಗಾಳಿಯಿಂದ ನಡೆಯುವ ಕೊಯ್ತದ ಗಿರಣಿಯೊಂದನ್ನು ಕಟ್ಟಿಸಿದ. 1768ರ ಮೇ 10ರಂದು ಸುಮಾರು ಐನೂರು ಮಂದಿ ಗರಗಸದವರು ನುಗ್ಗಿ ಅದನ್ನು ಕೆಡವಿ ಹಾಕಿದರು. ಮರುವರ್ಷವೇ ಪಾರ್ಲಿಮೆಂಟು ಗಿರಣಿಗಳನ್ನು ನಾಶ ಮಾಡುವುದನ್ನು ಘೋರ ಅಪರಾಧವೆಂದು ಕಾನೂನು ಮಾಡಿತು. ಪಠ್ಯಪುಸ್ತಕಗಳಲ್ಲಿ ಯಂತ್ರ ಒಡೆದವರ ಕಥೆ ಸಾಮಾನ್ಯವಾಗಿ 1811ರ ಲಡ್ಡೈಟರಿಂದ ಶುರುವಾಗುತ್ತದೆ. ಅವರಿಗಿಂತ ನಲವತ್ತು ವರ್ಷ ಮೊದಲೇ ಗರಗಸದವರು ತಮ್ಮ ಅನ್ನದ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು.

ಡಿಂಗ್ಲಿಯ ಗಿರಣಿಯದು ಮೇಲೆ ಕೆಳಗೆ ಆಡುವ ನೇರ ಗರಗಸ. ದುಂಡು ಗರಗಸ ದಾಖಲೆಯಲ್ಲಿ ಕಾಣುವುದು 1777ರಲ್ಲಿ, ಸೌತಾಂಪ್ಟನ್ನಿನ ಸ್ಯಾಮುಯೆಲ್ ಮಿಲ್ಲರ್ ಪಡೆದ ಪೇಟೆಂಟಿನಲ್ಲಿ. ಅಲ್ಲೂ ಅದು ಗಾಳಿಯಿಂದ ನಡೆಯುವ ಯಂತ್ರವೊಂದರ ವಿವರಣೆಯ ನಡುವೆ ಬಂದುಹೋಗುವ ಮಾತು. ಸರಿಸುಮಾರು ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ನೌಕಾಪಡೆಗೆ ಮರದ ರಾಟೆ ಮಾಡಿಕೊಡುತ್ತಿದ್ದ ವಾಲ್ಟರ್ ಟೇಲರನ ಕಾರ್ಖಾನೆಯಲ್ಲೂ ದುಂಡು ಗರಗಸ ತಿರುಗುತ್ತಿತ್ತು. ಹಾಯಿ ಹಗ್ಗ ಎಳೆಯುವ ಇಂಥ ರಾಟೆಗಳು ಒಂದು ದೊಡ್ಡ ಯುದ್ಧನೌಕೆಗೆ ಸಾವಿರದಷ್ಟು ಬೇಕಾಗುತ್ತಿದ್ದವು. ಹೊಸ ಶತಮಾನ ಬರುತ್ತಿದ್ದಂತೆ ಈ ಕೆಲಸ ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಹೋಯಿತು. ಅಲ್ಲಿ ಮಾರ್ಕ್ ಬ್ರೂನೆಲ್ ಯೋಚಿಸಿ, ಹೆನ್ರಿ ಮಾಡ್ಸ್‌ಲಿ ತಯಾರಿಸಿಕೊಟ್ಟ ಯಂತ್ರಗಳು ಸಾಲಾಗಿ ನಿಂತವು. ಮೊದಲ ಸಾಲಿನಲ್ಲಿ ದಿಮ್ಮಿ ತುಂಡರಿಸುವ ದುಂಡು ಗರಗಸಗಳಿದ್ದವು. 1808ರಲ್ಲಿ ಅಲ್ಲಿ ತಯಾರಾದ ರಾಟೆಗಳು 1,30,000. ಕೆಲಸ ಬಲ್ಲ 110 ಮಂದಿ ಮಾಡುತ್ತಿದ್ದುದನ್ನು ಕೆಲಸ ಬಾರದ 10 ಮಂದಿ ಮಾಡತೊಡಗಿದರು. ಕೈಗಾರಿಕಾ ಕ್ರಾಂತಿಯ ಪುಸ್ತಕಗಳಲ್ಲಿ ಈ ಅಂಕಿ ಹೆಮ್ಮೆಯ ಸಾಲಾಗಿ ಬರುತ್ತದೆ. ಉಳಿದ ನೂರು ಮಂದಿಯ ಮನೆಯಲ್ಲಿ ಅದನ್ನು ಹೇಗೆ ಓದಿಕೊಂಡಿರಬಹುದು ಎಂಬುದೂ ಚರಿತ್ರೆಯ ಪ್ರಶ್ನೆಯೇ.

ದುಂಡು ಗರಗಸ ಕಂಡುಹಿಡಿದವರು ಯಾರು ಎಂದು ಕೇಳಿದರೆ ಹಲವು ಪುಸ್ತಕಗಳು ಹೇಳುವ ಹೆಸರೇ ಬೇರೆ: ಟಬಿಥಾ ಬ್ಯಾಬಿಟ್. ಅಮೆರಿಕದ ಮ್ಯಾಸಚೂಸೆಟ್ಸಿನ ಹಾರ್ವರ್ಡ್ ಎಂಬ ಹಳ್ಳಿಯ ಶೇಕರ್ ಪಂಥದ ಹೆಣ್ಣುಮಗಳು ಈಕೆ. ಇಬ್ಬರು ಗಂಡಸರು ಗರಗಸ ಎಳೆಯುವುದನ್ನು ನೋಡಿ, ಒಂದು ಕಡೆಯ ಎಳೆತ ಸುಮ್ಮನೆ ವ್ಯರ್ಥವಾಗುತ್ತಿದೆಯಲ್ಲ ಎನ್ನಿಸಿ, ಹಲ್ಲು ಕಡಿದ ತಗಡಿನ ತಟ್ಟೆಯನ್ನು ತನ್ನ ನೂಲುವ ರಾಟೆಗೆ ಸಿಕ್ಕಿಸಿ ತಿರುಗಿಸಿದಳಂತೆ. ಇದು 1813ರ ಮಾತು ಎನ್ನುತ್ತಾರೆ. ಆಕೆ ಪೇಟೆಂಟು ಪಡೆಯಲಿಲ್ಲ. ಕಥೆ ಸೊಗಸಾಗಿದೆ, ಆದರೆ ಕಾಲ ಹೊಂದುವುದಿಲ್ಲ. ಬ್ಯಾಬಿಟ್ ಹುಟ್ಟಿದ್ದು 1779ರಲ್ಲಿ, ಮಿಲ್ಲರನ ಪೇಟೆಂಟಿಗೆ ಎರಡು ವರ್ಷ ಆದ ಮೇಲೆ. ಶೇಕರರಲ್ಲೇ ಇನ್ನೊಂದು ಊರಿನ ಗಂಡಸರು 1793ರಲ್ಲೇ ಇದನ್ನು ಮಾಡಿದ್ದರೆಂಬ ಐತಿಹ್ಯವೂ ಇದೆ.

ಹಾಗಾದರೆ ಆಕೆಯ ಹೆಸರನ್ನು ಹೊಡೆದುಹಾಕಿಬಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಮೊದಲಿಗಳು ಎಂಬ ಪಟ್ಟ ನಿಲ್ಲುವುದಿಲ್ಲ. ಸಮುದ್ರದಾಚೆಯ ಸುದ್ದಿ ತಿಳಿಯದ ಹಳ್ಳಿಯಲ್ಲಿ ಒಬ್ಬಾಕೆ ಅದೇ ಯೋಚನೆಯನ್ನು ತಾನೇ ಮಾಡಿರಬಹುದು ಎಂಬುದನ್ನು ಯಾವ ದಾಖಲೆಯೂ ಅಲ್ಲಗಳೆಯುವುದಿಲ್ಲ. ಪೇಟೆಂಟಿನ ಕಡತದಲ್ಲಿ ಸಿಗುವುದು ಅರ್ಜಿ ಹಾಕಿದವರ ಹೆಸರು ಮಾತ್ರ. ನೂಲುವವರು, ಕೊಯ್ಯುವವರು, ಗುಂಡಿಯಲ್ಲಿ ನಿಂತವರು ಅರ್ಜಿ ಹಾಕುತ್ತಿರಲಿಲ್ಲ. ದಾಖಲೆ ಬಿಟ್ಟ ಜಾಗವನ್ನು ಐತಿಹ್ಯ ತುಂಬಿಕೊಳ್ಳುತ್ತದೆ. ನಾವು ಎರಡನ್ನೂ ಓದಬೇಕು, ಆದರೆ ಒಂದನ್ನು ಇನ್ನೊಂದೆಂದು ತಿಳಿಯಬಾರದು.

ಮುಂದಿನ ನೂರು ವರ್ಷ ದುಂಡು ಗರಗಸ ಗಿರಣಿಯಲ್ಲೇ ಉಳಿಯಿತು. ನೀರು, ಉಗಿ, ಆಮೇಲೆ ವಿದ್ಯುತ್ತು ಅದನ್ನು ತಿರುಗಿಸಿದವು. ಮರವೇ ಅದರ ಬಳಿಗೆ ಹೋಗಬೇಕಿತ್ತು. ಇದನ್ನು ತಿರುಗುಮುರುಗು ಮಾಡಿದವನು ಎಡ್ಮಂಡ್ ಮಿಶೆಲ್. 1920ರ ದಶಕದ ಆರಂಭದಲ್ಲಿ ಅಮೆರಿಕದ ಲೂಯಿಸಿಯಾನಾ ಸೀಮೆಯಲ್ಲಿ ಕೂಲಿಯವರು ಕತ್ತಿಯಿಂದ ಕಬ್ಬು ಕಡಿಯುವುದನ್ನು ಕಂಡು, ಮೋಟಾರಿನ ಕತ್ತಿಯೊಂದನ್ನು ಮಾಡಲು ಹೊರಟನಂತೆ. ಹಾಲಿನ ಪಾನೀಯ ಕಡೆಯುವ ಮಿಕ್ಸರಿನ ಮೋಟಾರಿಗೆ ಸಣ್ಣ ಬ್ಲೇಡು ಕಟ್ಟಿದನೆಂದು ಕಂಪನಿಯ ಕಥನ ಹೇಳುತ್ತದೆ. ಜೋಸೆಫ್ ಸಲಿವನ್ ಎಂಬಾತ ಜೊತೆಯಾಗಿ, 1924ರ ಹೊತ್ತಿಗೆ ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸ ಮಾರುಕಟ್ಟೆಗೆ ಬಂತು. ಮುಂದೆ ಸ್ಕಿಲ್‌ಸಾ ಎಂದು ಹೆಸರಾದದ್ದು ಇದೇ. ಅದರಲ್ಲಿ ಮೋಟಾರು ಬ್ಲೇಡಿನ ಹಿಂದೆ ಉದ್ದಕ್ಕೆ ಮಲಗಿರುತ್ತದೆ. 1929ರಲ್ಲಿ ಪೋರ್ಟರ್ ಕೇಬಲ್ ಕಂಪನಿಯ ಆರ್ಟ್ ಎಮನ್ಸ್ ಮೋಟಾರನ್ನು ಬ್ಲೇಡಿನ ಪಕ್ಕಕ್ಕೆ ತಂದು ಯಂತ್ರವನ್ನು ಗಿಡ್ಡವಾಗಿ, ಹಗುರವಾಗಿ ಮಾಡಿದ. ಇಂದು ಅಂಗಡಿಯಲ್ಲಿ ಕಾಣುವ ಬಹುಪಾಲು ಗರಗಸಗಳು ಎಮನ್ಸ್ ವಂಶದವು. ಇನ್ನು ಕಬ್ಬು? ಮಂಡ್ಯದಲ್ಲೂ ಬೆಳಗಾವಿಯಲ್ಲೂ ಇವತ್ತಿಗೂ ಬಹುಪಾಲು ಕಬ್ಬನ್ನು ಕತ್ತಿಯಲ್ಲೇ ಕಡಿಯುತ್ತಾರೆ. ಯಾರ ಬೆವರು ನೋಡಿ ಯಂತ್ರ ಹುಟ್ಟಿತೋ ಅವರ ಕೈಗೆ ಅದು ತಲುಪಲಿಲ್ಲ.

ವೈರು ಕಳಚಿದ ಕಥೆಯಲ್ಲೂ ಒಂದು ಐತಿಹ್ಯವಿದೆ. ಬ್ಯಾಟರಿ ಉಪಕರಣಗಳನ್ನು ನಾಸಾ ಕಂಡುಹಿಡಿಯಿತು ಎಂದು ಎಲ್ಲರೂ ಹೇಳುತ್ತಾರೆ. ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಬ್ಯಾಟರಿ ಡ್ರಿಲ್ ತಂದದ್ದು 1961ರಲ್ಲಿ. ಚಂದ್ರನ ನೆಲ ಕೊರೆಯುವ ಉಪಕರಣಕ್ಕೆ ನಾಸಾ ಆ ಕಂಪನಿಯ ಅನುಭವವನ್ನು ಬಳಸಿಕೊಂಡದ್ದು ಆಮೇಲೆ. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಅಂಥದರಲ್ಲಿ ಚಂದ್ರನನ್ನು ಕೊರೆದರು. ಆದರೆ ಅಂದಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗೆ ತೂತು ಕೊರೆಯುವ ತ್ರಾಣವಿತ್ತೇ ಹೊರತು ಹಲಗೆ ಸೀಳುವಷ್ಟು ಇರಲಿಲ್ಲ. ಸೋನಿ ಕಂಪನಿ 1991ರಲ್ಲಿ ಮಾರಾಟಕ್ಕೆ ತಂದ ಲಿಥಿಯಂ ಅಯಾನ್ ಬ್ಯಾಟರಿ 2005ರ ಸುಮಾರಿಗೆ ಮಿಲ್ವಾಕಿ, ಮಕೀಟಾದಂಥವರ ಉಪಕರಣಗಳಿಗೆ ಬಂದ ಮೇಲೆಯೇ ಬ್ಯಾಟರಿ ಗರಗಸ ನಂಬಿಕೆಗೆ ಅರ್ಹವಾದದ್ದು.

ಇಷ್ಟು ಓದಿಕೊಂಡು ಚಿಕ್ಕಪ್ಪನಿಗೆ ಹೇಳಿದ್ದು ಇದು. ಡಬ್ಬದ ಮೇಲಿನ 18 ವೋಲ್ಟು, 20 ವೋಲ್ಟು ಎರಡೂ ಒಂದೇ. ಒಳಗೆ ಐದು ಸೆಲ್ಲುಗಳ ಸಾಲಿರುತ್ತದೆ, ಸೆಲ್ಲಿಗೆ 3.6 ವೋಲ್ಟಿನಂತೆ ಎಣಿಸಿದರೆ 18, ಪೂರ್ತಿ ಚಾರ್ಜ್ ಆದ ಗಳಿಗೆಯಲ್ಲಿ ಅಳೆದರೆ 20. ನೋಡಬೇಕಾದದ್ದು ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಬರುವ ಮೊತ್ತ. 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 90 ವ್ಯಾಟ್ ಅವರ್ ಇರುತ್ತದೆ. 1,350 ವ್ಯಾಟಿನ ವೈರಿನ ಗರಗಸದಷ್ಟು ಶಕ್ತಿಯನ್ನು ಒಂದೇ ಸಮನೆ ಎಳೆದರೆ ಇದು ನಾಲ್ಕು ನಿಮಿಷದ ಸರಕು. ಒಂದು ಕೊಯ್ತಕ್ಕೆ ಹಿಡಿಯುವುದು ಕೆಲವೇ ಸೆಕೆಂಡು, ಹಾಗಾಗಿ ಮನೆಗೆಲಸಕ್ಕೆ ಸಾಕು. ಮನೆ ಕಟ್ಟುವವರಿಗೆ ಸಾಲದು. ಬ್ರಷ್ ಇಲ್ಲದ ಮೋಟಾರಾದರೆ ಅಷ್ಟೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸವಾಗುತ್ತದೆ. ಈಗಾಗಲೇ ಒಂದು ಕಂಪನಿಯ ಡ್ರಿಲ್ ಇದ್ದರೆ ಗರಗಸವನ್ನೂ ಅದೇ ಕಂಪನಿಯದನ್ನು ತಗೊಳ್ಳುವುದು ಲಾಭ, ಏಕೆಂದರೆ ಒಬ್ಬರ ಬ್ಯಾಟರಿ ಇನ್ನೊಬ್ಬರ ಯಂತ್ರಕ್ಕೆ ಹೊಂದದಂತೆ ಕಂಪನಿಗಳು ನೋಡಿಕೊಂಡಿವೆ.

ಬ್ಲೇಡು 165 ಮಿಲಿಮೀಟರಿನದು ಸಾಕು. ಅದು ಸುಮಾರು 55 ಮಿಲಿಮೀಟರ್ ಆಳ ಕೊಯ್ಯುತ್ತದೆ, 45 ಡಿಗ್ರಿ ವಾಲಿಸಿದರೆ ಅದಕ್ಕಿಂತ ಕಡಿಮೆ. ಪ್ಲೈವುಡ್ಡಿಗೆ, ಬೆಂಚಿನ ಪಟ್ಟಿಗೆ ಇದು ಧಾರಾಳ. ನಮ್ಮ ಕಡೆಯ ಬಾಗಿಲ ಚೌಕಟ್ಟಿನ ಮೂರಿಂಚು ಮರವನ್ನು ಮಾತ್ರ ತಿರುವಿ ಹಾಕಿ ಎರಡೂ ಕಡೆಯಿಂದ ಕೊಯ್ಯಬೇಕು. ಬಲಗೈಯವರಿಗೆ ಬ್ಲೇಡು ಎಡಕ್ಕಿದ್ದರೆ ಗೆರೆ ಚೆನ್ನಾಗಿ ಕಾಣುತ್ತದೆ. ಮರಕ್ಕೆ 24 ಹಲ್ಲಿನ, ಪ್ಲೈವುಡ್ಡಿಗೆ 40 ಹಲ್ಲಿನ ತೆಳು ಬ್ಲೇಡು ಇಟ್ಟುಕೊಳ್ಳಬೇಕು. ಬ್ಲೇಡು ತೆಳುವಾದಷ್ಟೂ ಪುಡಿಯಾಗುವ ಮರ ಕಡಿಮೆ, ಬ್ಯಾಟರಿಯೂ ಹೆಚ್ಚು ಬಾಳುತ್ತದೆ. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಪ್ಲೈವುಡ್ಡಿನ ಚೆಂದದ ಮೈ ಕೆಳಗಿರಬೇಕು. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚದಂತೆ ಹಲಗೆಗೆ ಎರಡೂ ಕಡೆ ಆಸರೆ ಕೊಡಬೇಕು, ಕಚ್ಚಿದರೆ ಇಡೀ ಯಂತ್ರ ಹಿಂದಕ್ಕೆ, ನಮ್ಮ ಮೈಮೇಲೆ ಚಿಮ್ಮುತ್ತದೆ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಎರಡು. ಕೈ ಬಿಟ್ಟೊಡನೆ ಬ್ಲೇಡನ್ನು ತಡೆಯುವ ಬ್ರೇಕು ಒಂದು, ಕೊಯ್ತ ಮುಗಿದೊಡನೆ ತಾನಾಗಿ ಬಂದು ಹಲ್ಲು ಮುಚ್ಚುವ ಕೆಳಗಿನ ಗಾರ್ಡು ಇನ್ನೊಂದು.

ಚಿಕ್ಕಪ್ಪ ಅದರಂತೆಯೇ ಒಂದನ್ನು ಕೊಂಡರು. ದಸರಾ ರಜೆಯಲ್ಲಿ ಹೋದಾಗ ಪಕ್ಕದ ಮನೆಯಲ್ಲಿ ವಾರ್ಡ್ರೋಬಿನ ಕೆಲಸಕ್ಕೆ ಬಂದಿದ್ದ ಆಚಾರ್ರು ಅದನ್ನು ನೋಡಲು ಬಂದರು. ನಮ್ಮಲ್ಲಿ ಬಹಳಷ್ಟು ಬಡಗಿಗಳು ಪ್ಲೈವುಡ್ ಕೊಯ್ಯುವುದು ಮಾರ್ಬಲ್ ಕಟರಿನಲ್ಲಿ. ಕಲ್ಲು ಕೊಯ್ಯಲೆಂದು ಮಾಡಿದ ಆ ಪುಟ್ಟ ಯಂತ್ರಕ್ಕೆ ನಾಲ್ಕಿಂಚಿನ ಮರದ ಬ್ಲೇಡು ಹಾಕಿಕೊಳ್ಳುತ್ತಾರೆ. ಅದು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿಗೂ ಮಿಕ್ಕಿ ತಿರುಗುತ್ತದೆ, ಸರಿಯಾದ ಗರಗಸದ ಎರಡು ಪಟ್ಟಿಗೂ ಹೆಚ್ಚು. ಕಲ್ಲಿನ ಬಿಲ್ಲೆಗೆ ಹಲ್ಲಿಲ್ಲವಾದ್ದರಿಂದ ತಾನಾಗಿ ಮುಚ್ಚುವ ಗಾರ್ಡು ಅದಕ್ಕಿಲ್ಲ. ಬೆಲೆ ಹಲವು ಪಟ್ಟು ಅಗ್ಗ, ತೂಕ ಹಗುರ, ಕೆಟ್ಟರೆ ಎಲ್ಲ ಊರಲ್ಲೂ ರಿಪೇರಿ. ದಿನಕ್ಕೆ ಎಂಟು ತಾಸು ಕೊಯ್ಯುವವರ ಲೆಕ್ಕಾಚಾರ ಅದು.

ಆಚಾರ್ರು ಚಿಕ್ಕಪ್ಪನ ಗರಗಸವನ್ನು ಕೈಯಲ್ಲಿ ತೂಗಿದರು. ಕೆಳಗಿನ ಗಾರ್ಡನ್ನು ಬೆರಳಿಂದ ಹಿಂದಕ್ಕೆ ತಳ್ಳಿ ಬಿಟ್ಟರು, ಅದು ಟಕ್ಕೆಂದು ಮುಚ್ಚಿಕೊಂಡಿತು. ಮತ್ತೆ ತಳ್ಳಿ ಬಿಟ್ಟರು. "ಇದೊಂದು ಚಲೋ ಮಾಡಿದಾರೆ ಮೇಷ್ಟ್ರೇ. ನಮ್ಮದಕ್ಕೆ ಇದಿಲ್ಲ" ಎಂದರು.

ಲೈಮ್‌ಹೌಸ್‌ನಲ್ಲಿ ಗಿರಣಿ ಕೆಡವಿದವರ ಪ್ರಶ್ನೆ ಯಂತ್ರ ಬೇಕೇ ಬೇಡವೇ ಎಂಬುದಷ್ಟೇ ಆಗಿರಲಿಲ್ಲ, ಅದರ ಲಾಭ ಯಾರಿಗೆ, ಕಷ್ಟ ಯಾರಿಗೆ ಎಂಬುದೂ ಆಗಿತ್ತು. ತಿಂಗಳಿಗೆ ನಾಲ್ಕು ಹಲಗೆ ಕೊಯ್ಯುವ ನಮ್ಮ ಮನೆಗೆ ಬ್ರೇಕು, ಗಾರ್ಡು ಎರಡೂ ಬಂದಿವೆ. ಚಿಕ್ಕಪ್ಪ ಏನೂ ಮಾತಾಡದೆ ಒಳಗೆ ಹೋಗಿ ಚಾರ್ಜ್ ಆಗಿದ್ದ ಬ್ಯಾಟರಿ ತಂದರು. ಪಕ್ಕದ ಮನೆಯ ಕೆಲಸ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಆಚಾರ್ರ ಕೈಗೆ ಗರಗಸವನ್ನು ಕೊಟ್ಟು, ಕಪಾಟಿನ ಕೆಲಸವನ್ನು ಆಮೇಲಕ್ಕೆ ಹಾಕಿದರು.