ಲಿಥುವೇನಿಯಾದ ಸ್ವಾತಂತ್ರ್ಯ: ನಾಯಕನ ಸಂಯಮ, ನಾಯಕನ ಹೊಣೆ

ರಾಜಕಾರಣಿಗಳ ಆತ್ಮಕಥನಗಳನ್ನು ವಿವೇಕಿಗಳು ಸಂಶಯದಿಂದಲೇ ಕೈಗೆತ್ತಿಕೊಳ್ಳುತ್ತಾರೆ. ಅಧಿಕಾರದಲ್ಲಿದ್ದಾಗ ಮಾಡಿದ್ದಕ್ಕೆಲ್ಲ ಅಧಿಕಾರ ಹೋದ ಮೇಲೆ ಸಮರ್ಥನೆ ಒದಗಿಸುವುದು ಆ ಪ್ರಕಾರಕ್ಕೆ ಅಂಟಿಬಂದ ದೋಷ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವೆಂಬುದು ಲೇಖನಿ ಹಿಡಿದವನನ್ನು ಎಲ್ಲಕ್ಕಿಂತ ಬೇಗ ಆವರಿಸುತ್ತದೆ. ಹಾಗಿದ್ದರೂ ಕೆಲವು ಆತ್ಮಕಥನಗಳು ಬರೆದವರ ಸಮರ್ಥನೆಯನ್ನು ದಾಟಿ ಬೇರೊಂದು ಪ್ರಶ್ನೆಯ ಬಳಿಗೆ ಓದುಗರನ್ನು ಒಯ್ಯುತ್ತವೆ. ಬಾಲ್ಟಿಕ್ ಸಮುದ್ರತೀರದ ಪುಟ್ಟ ದೇಶವಾದ ಲಿಥುವೇನಿಯಾವನ್ನು ಸೋವಿಯತ್ ಒಕ್ಕೂಟದ ಹಿಡಿತದಿಂದ ಹೊರತಂದ ವೀಟೌತಸ್ ಲಾಂಡ್ಸ್‌ಬರ್ಗಿಸ್ ಅವರ ಆತ್ಮಕಥನ ಅಂಥದು. ಅದರ ಇಂಗ್ಲಿಷ್ ರೂಪ 2000ದಲ್ಲಿ ವೇಲ್ಸ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಹೊರಬಂದಿತು.

ಲಿಥುವೇನಿಯಾ ವಿಸ್ತಾರದಲ್ಲಿ ಕರ್ನಾಟಕದ ಮೂರನೆಯ ಒಂದು ಭಾಗದಷ್ಟಿದೆ. 1990ರಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು 37 ಲಕ್ಷ. ಆ ಜನರ ಭಾಷೆ ಸಂಸ್ಕೃತದ ದೂರದ ಬಂಧು. ಅಗ್ನಿಗೆ ಅವರು ‘ಉಗ್ನಿಸ್’ ಎನ್ನುತ್ತಾರೆ, ಸೂನುವಿಗೆ ‘ಸೂನುಸ್’, ದೇವನಿಗೆ ‘ದಿಯೇವಸ್’. ಇನ್ನೊಂದು ನಂಟೂ ಉಂಟು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಸತ್ಯಾಗ್ರಹಿಗಳಿಗಾಗಿ ನಡೆಸಿದ ಟಾಲ್‌ಸ್ಟಾಯ್ ಫಾರ್ಮಿನ ಭೂಮಿಯನ್ನು 1910ರಲ್ಲಿ ಒದಗಿಸಿಕೊಟ್ಟ ಹರ್ಮನ್ ಕಾಲೆನ್‌ಬಾಖ್ ಇಂದಿನ ಲಿಥುವೇನಿಯಾದ ನೆಲದಲ್ಲಿ ಹುಟ್ಟಿದವರು. ಶ್ರೀಮದ್ ರಾಜಚಂದ್ರರಿಂದ ಅಹಿಂಸೆಯ ಆಳವನ್ನು ತಿಳಿದುಕೊಂಡ ಗಾಂಧೀಜಿ ಮತ್ತು ಈ ಕಾಲೆನ್‌ಬಾಖ್, ಇಬ್ಬರನ್ನೂ ಜೊತೆಯಾಗಿ ಕಡೆದ ಪ್ರತಿಮೆಯೊಂದನ್ನು 2015ರಲ್ಲಿ ಲಿಥುವೇನಿಯಾದ ರುಸ್ನೆ ಎಂಬ ಊರಿನಲ್ಲಿ ಸ್ಥಾಪಿಸಲಾಯಿತು. ಇದರಿಂದ ಲಿಥುವೇನಿಯಾದ ಚಳವಳಿ ಗಾಂಧೀಜಿಯವರಿಂದಲೇ ಬಂತೆಂದು ಹೇಳಹೊರಡುವುದು ಅತಿಯಾದೀತು. ಆ ಜನ ತಮ್ಮ ದಾರಿಯನ್ನು ತಮ್ಮ ಅನುಭವದಿಂದಲೇ ಕಂಡುಕೊಂಡರು, ಮತ್ತು ಅದಕ್ಕೆ ದುಬಾರಿ ಬೆಲೆ ತೆತ್ತ ಮೇಲೆ ಕಂಡುಕೊಂಡರು.

ಆ ಬೆಲೆಯ ಲೆಕ್ಕ ಹೀಗಿದೆ. 1918ರ ಫೆಬ್ರುವರಿ 16ರಂದು ಸ್ವಾತಂತ್ರ್ಯ ಸಾರಿಕೊಂಡ ಲಿಥುವೇನಿಯಾವನ್ನು 1939ರಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ರಹಸ್ಯ ಒಪ್ಪಂದಗಳ ಮೂಲಕ ಹಂಚಿಕೆಯ ವಸ್ತುವಾಗಿ ಮಾಡಿಕೊಂಡರು. 1940ರ ಜೂನ್‌ನಲ್ಲಿ ಮಾಸ್ಕೋದಿಂದ ಅಂತಿಮ ಎಚ್ಚರಿಕೆ ಬಂದಾಗ ಅಧ್ಯಕ್ಷ ಸ್ಮೆತೋನ ಪ್ರತಿಭಟಿಸಬೇಕೆಂದರು. ಮಂತ್ರಿಮಂಡಲದ ಬಹುಮತ ಶರಣಾಗತಿಯ ಕಡೆಗಿತ್ತು. ಸೋವಿಯತ್ ಸೈನ್ಯ ತಡೆಯಿಲ್ಲದೆ ಒಳಬಂದಿತು. ರಕ್ತ ಹರಿಯಲಿಲ್ಲವೆಂಬ ಕಾರಣಕ್ಕೆ ಅದನ್ನು ಅಹಿಂಸೆಯೆಂದು ಕರೆಯಲಾಗದು, ಅದು ಭಯ. 1944ರಲ್ಲಿ ಜರ್ಮನರು ಹಿಮ್ಮೆಟ್ಟಿ ಸೋವಿಯತ್ ಸೈನ್ಯ ಮರಳಿ ಬಂದಾಗ ತರುಣರು ಕಾಡು ಸೇರಿ ಬಂದೂಕು ಹಿಡಿದರು. 1953ರವರೆಗೆ ನಡೆದ ಆ ಗೆರಿಲ್ಲಾ ಯುದ್ಧದಲ್ಲಿ ಸುಮಾರು 20,000 ಹೋರಾಟಗಾರರು ಸತ್ತರು. ಲಕ್ಷಕ್ಕೂ ಮಿಕ್ಕಿದ ಜನರನ್ನು ಸೈಬೀರಿಯಾ ಮೊದಲಾದ ದೂರದ ಪ್ರಾಂತಗಳಿಗೆ ಗಡೀಪಾರು ಮಾಡಲಾಯಿತು. ಶರಣಾಗತಿ ಮತ್ತು ಶಸ್ತ್ರ, ಎರಡೂ ದಾರಿಗಳನ್ನು ಆ ಜನಾಂಗ ಒಂದೇ ತಲೆಮಾರಿನಲ್ಲಿ ತುದಿಮುಟ್ಟ ನಡೆದು ನೋಡಿತ್ತು.

ಲಾಂಡ್ಸ್‌ಬರ್ಗಿಸ್ ಹುಟ್ಟಿದ್ದು 1932ರಲ್ಲಿ, ಕೌನಾಸ್ ನಗರದಲ್ಲಿ. ತಂದೆ ವಾಸ್ತುಶಿಲ್ಪಿ, ತಾಯಿ ನೇತ್ರವೈದ್ಯೆ. ಅವರು ಸ್ವತಃ ಸಂಗೀತಶಾಸ್ತ್ರದ ಪ್ರಾಧ್ಯಾಪಕರು. ಚಿತ್ರಕಾರನೂ ಸಂಗೀತರಚನಕಾರನೂ ಆಗಿದ್ದ ಚುರ್ಲ್ಯೋನಿಸ್ ಕುರಿತ ಅಧ್ಯಯನದಲ್ಲಿ ಆಯುಷ್ಯದ ಬಹುಭಾಗ ಕಳೆದವರು. ಐವತ್ತೈದು ದಾಟುವ ತನಕ ರಾಜಕೀಯದ ಹೆಸರೆತ್ತದ ಈ ಮನುಷ್ಯ 1988ರ ಜೂನ್‌ನಲ್ಲಿ ‘ಸಾಯೂದಿಸ್’ ಎಂಬ ಜನಾಂದೋಲನದ ಸ್ಥಾಪಕರಲ್ಲಿ ಒಬ್ಬರಾದರು. ಅದೇ ವರ್ಷ ನವೆಂಬರ್‌ನಲ್ಲಿ ಅದರ ಅಧ್ಯಕ್ಷರಾದರು.

ಆಂದೋಲನದ ಮೊದಲ ಆಯುಧ ಸತ್ಯವೇ ಆಗಿತ್ತು. 1939ರ ರಹಸ್ಯ ಒಪ್ಪಂದಗಳು ಇದ್ದವೆಂಬುದನ್ನೇ ಮಾಸ್ಕೋ ಐವತ್ತು ವರ್ಷ ಅಲ್ಲಗಳೆದಿತ್ತು. 1989ರ ಆಗಸ್ಟ್ 23ರಂದು, ಆ ಒಪ್ಪಂದಕ್ಕೆ ಐವತ್ತು ತುಂಬಿದ ದಿನ, ಲಿಥುವೇನಿಯಾ, ಲಾತ್ವಿಯಾ, ಎಸ್ಟೋನಿಯಾಗಳ ಲಕ್ಷಾಂತರ ಜನ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಕೈ ಕೈ ಹಿಡಿದು ನಿಂತರು. ಡಿಸೆಂಬರ್‌ನಲ್ಲಿ ಸೋವಿಯತ್ ಜನಪ್ರತಿನಿಧಿಗಳ ಮಹಾಸಭೆಯೇ ಆ ಒಪ್ಪಂದಗಳನ್ನು ಒಪ್ಪಿಕೊಂಡು ಖಂಡಿಸಿತು. ಮುಂದಿನ ಕಾನೂನುವಾದವೆಲ್ಲ ನಿಂತದ್ದು ಇದರ ಮೇಲೆ. 1990ರ ಮಾರ್ಚ್ 11ರಂದು, ಲಾಂಡ್ಸ್‌ಬರ್ಗಿಸ್ ಅಧ್ಯಕ್ಷರಾಗಿ ಆಯ್ಕೆಯಾದ ದಿನವೇ, ಲಿಥುವೇನಿಯಾದ ಶಾಸನಸಭೆ 124 ಮತಗಳಿಂದ ಅಂಗೀಕರಿಸಿದ ನಿರ್ಣಯವು ಒಕ್ಕೂಟವನ್ನು ಬಿಡುವ ಮಾತನ್ನೇ ಆಡಲಿಲ್ಲ. ಬಲಾತ್ಕಾರದಿಂದ ನಿಂತುಹೋಗಿದ್ದ ಸ್ವಾತಂತ್ರ್ಯವನ್ನು ಪುನಃಸ್ಥಾಪಿಸಿತು. ವಿರುದ್ಧ ಒಂದು ಮತವೂ ಬೀಳಲಿಲ್ಲ. ಆರು ಮಂದಿ ತಟಸ್ಥರಾದರು. ಸೇರಿಯೇ ಇಲ್ಲದವನು ಬಿಟ್ಟುಹೋಗಲು ಅನುಮತಿ ಕೇಳುವುದೇಕೆ ಎಂಬುದು ಅದರ ತರ್ಕ. ಬಿಟ್ಟುಹೋಗುವ ಕ್ರಮವನ್ನು ಕುರಿತು ಮಾಸ್ಕೋ ಮುಂದಿನ ತಿಂಗಳು ಕಾಯಿದೆ ಮಾಡಿದಾಗ ಅದರಡಿ ಅರ್ಜಿ ಹಾಕಿಕೊಂಡಿದ್ದರೆ ಬಹುಶಃ ಕಷ್ಟ ಕಡಿಮೆಯಾಗುತ್ತಿತ್ತು. ಆದರೆ ಆ ಅರ್ಜಿ ಒಂದು ಸುಳ್ಳಿಗೆ ಹಾಕುವ ಸಹಿಯಾಗುತ್ತಿತ್ತು.

ಫಲವಾಗಿ ಏಪ್ರಿಲ್‌ನಲ್ಲಿ ಆರ್ಥಿಕ ದಿಗ್ಬಂಧನ ಬಂದಿತು. ಕಚ್ಚಾತೈಲ ನಿಂತಿತು, ಅನಿಲದ ಪೂರೈಕೆ ಬಹುಮಟ್ಟಿಗೆ ಕಡಿತವಾಯಿತು, ಪೆಟ್ರೋಲು ಪಡಿತರದ ವಸ್ತುವಾಯಿತು. ಪಶ್ಚಿಮದ ದೊಡ್ಡ ರಾಷ್ಟ್ರಗಳು ಗೊರ್ಬಚೇವರಿಗೆ ತೊಂದರೆಯಾದೀತೆಂದು ಹಿಂಜರಿದವು; ಫ್ರಾನ್ಸಿನ ಮಿತೆರಾಂ ಮತ್ತು ಜರ್ಮನಿಯ ಕೋಲ್ ಜಂಟಿಯಾಗಿ ಪತ್ರ ಬರೆದು ನಿರ್ಣಯದ ಪರಿಣಾಮಗಳನ್ನು ಕೆಲಕಾಲ ತಡೆಹಿಡಿಯಲು ಸೂಚಿಸಿದರು. ಜೂನ್ ಕೊನೆಗೆ ಶಾಸನಸಭೆ ಮಾತುಕತೆ ಆರಂಭವಾದ ದಿನದಿಂದ ನೂರು ದಿನ ನಿರ್ಣಯವನ್ನು ತಡೆಹಿಡಿಯಲು ಒಪ್ಪಿತು, ದಿಗ್ಬಂಧನ ತೆರವಾಯಿತು. ತತ್ತ್ವವನ್ನು ಬಿಡದೆ ಕಾಲವನ್ನು ಬಿಟ್ಟುಕೊಟ್ಟ ಈ ನಡೆಯನ್ನು ಅಂದು ಹಲವರು ಹಿಂಜರಿಕೆಯೆಂದು ಹಳಿದರು. ಹಠಕ್ಕೂ ದೃಢತೆಗೂ ವ್ಯತ್ಯಾಸವಿದೆಯೆಂಬುದಕ್ಕೆ ಅದೇ ಸಾಕ್ಷಿಯಾಗಿ ಉಳಿಯಿತು.

1991ರ ಜನವರಿಯ ಘಟನೆಯನ್ನು ಮಾತ್ರ ನಿಧಾನವಾಗಿಯೇ ನೋಡಬೇಕು. ಜಗತ್ತಿನ ಕಣ್ಣು ಆಗ ಕೊಲ್ಲಿಯ ಯುದ್ಧದ ಮೇಲಿತ್ತು. ಜನವರಿ 8ರಂದು ಬೆಲೆಯೇರಿಕೆಯ ನೆಪದಲ್ಲಿ ಸೋವಿಯತ್ ಪರ ಗುಂಪೊಂದು ಶಾಸನಸಭೆಯ ಕಟ್ಟಡಕ್ಕೆ ನುಗ್ಗಲೆತ್ನಿಸಿತು. ಲಾಂಡ್ಸ್‌ಬರ್ಗಿಸ್ ರೇಡಿಯೋ ಮೂಲಕ ಜನರನ್ನು ಕರೆದರು: ಬನ್ನಿ, ನಿಮ್ಮ ಸಭೆಯನ್ನು ಕಾಯಿರಿ. ಜನ ಬಂದರು, ಹಳ್ಳಿಗಳಿಂದಲೂ ಬಂದರು. ರಾತ್ರಿಯಿಡೀ ಬೆಂಕಿ ಕಾಯಿಸಿಕೊಳ್ಳುತ್ತ, ಹಾಡುತ್ತ, ಕಟ್ಟಡಗಳ ಸುತ್ತ ನಿಂತರು. ಜನವರಿ 13ರ ನಸುಕಿನಲ್ಲಿ ರಾಜಧಾನಿ ವಿಲ್ನಿಯಸ್‌ನ ಟೆಲಿವಿಷನ್ ಗೋಪುರದ ಮೇಲೆ ಸೋವಿಯತ್ ಟ್ಯಾಂಕುಗಳು ಏರಿಬಂದವು. ನಿಂತವರ ಕೈಯಲ್ಲಿ ಆಯುಧವಿರಲಿಲ್ಲ. ಹದಿನಾಲ್ಕು ನಾಗರಿಕರು ಗುಂಡಿಗೂ ಟ್ಯಾಂಕಿನ ಚಕ್ರಕ್ಕೂ ಬಲಿಯಾದರು. ನೂರಾರು ಜನ ಗಾಯಗೊಂಡರು. ಸತ್ತವರಲ್ಲಿ ಒಬ್ಬಳು ಇಪ್ಪತ್ತಮೂರು ವಯಸ್ಸಿನ ತರುಣಿ. ರಾಜಧಾನಿಯ ಟೆಲಿವಿಷನ್ ಮೂಕವಾದಾಗ ಕೌನಾಸ್‌ನ ಕೇಂದ್ರ ಪ್ರಸಾರವನ್ನು ಮುಂದುವರಿಸಿತು. ಗೋಪುರದ ಬಳಿ ಹೆಣ ಬಿದ್ದ ಸುದ್ದಿ ತಿಳಿದ ಮೇಲೂ ಶಾಸನಸಭೆಯ ಸುತ್ತಲಿನ ಜನ ಕದಲಲಿಲ್ಲ. ಸೈನ್ಯ ಅಲ್ಲಿಗೆ ಬರಲಿಲ್ಲ.

ಇಲ್ಲಿಯೇ ಕಠಿಣವಾದ ಪ್ರಶ್ನೆ ಏಳುತ್ತದೆ. ತಪಸ್ಸು, ಉಪವಾಸ, ಸಲ್ಲೇಖನ ಎಲ್ಲವೂ ಜೈನಧರ್ಮದಲ್ಲಿ ಸ್ವಂತ ದೇಹದ ಮೇಲೆ ಸ್ವಂತ ಸಂಕಲ್ಪದಿಂದ ಕೈಗೊಳ್ಳುವ ವ್ರತಗಳು. ಇನ್ನೊಬ್ಬನ ದೇಹವನ್ನು ಅಹಿಂಸೆಯ ಹೆಸರಿನಲ್ಲಿ ಟ್ಯಾಂಕಿನ ಮುಂದೆ ನಿಲ್ಲಿಸುವ ಅಧಿಕಾರ ಯಾರಿಗಿದೆ? ಕರೆದವನು ನಾಯಕ, ಸತ್ತವರು ಕರೆಗೆ ಓಗೊಟ್ಟವರು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆಂದು ಬಲ್ಲವರು ಈ ಪ್ರಶ್ನೆಯನ್ನು ಸುಲಭವಾಗಿ ಬದಿಗೆ ಸರಿಸಲಾರರು. ಕೊಂದ ಪಾಪ ಕೊಂದವರದು, ಕೊಲ್ಲಿಸಿದವರದು ಎಂಬುದು ನಿಜ. ಆದರೆ ಅಪಾಯವನ್ನು ತಿಳಿದೂ ಕರೆದವನ ಹೊಣೆ ಅದರಿಂದ ಪೂರ್ತಿ ತೀರುವುದಿಲ್ಲ.

ಲಾಂಡ್ಸ್‌ಬರ್ಗಿಸ್ ಪರವಾಗಿ ಹೇಳಬಹುದಾದ ಮುಖ್ಯ ಮಾತೆಂದರೆ ಅವರು ತಾವೂ ಆ ಅಪಾಯದ ಒಳಗೇ ಇದ್ದರು. ಶಾಸನಸಭೆಯ ಕಟ್ಟಡವನ್ನು ಬಿಟ್ಟು ಹೋಗಲಿಲ್ಲ. ಆ ರಾತ್ರಿ ಗೊರ್ಬಚೇವರನ್ನು ದೂರವಾಣಿಯಲ್ಲಿ ಸಂಪರ್ಕಿಸಲೆತ್ನಿಸಿ ವಿಫಲರಾದರು. ಪ್ರಚೋದನೆಗೆ ಒಳಗಾಗದಿರಿ ಎಂದು ಜನರನ್ನು ಕೇಳಿಕೊಂಡರು. ಭರತ ಬಾಹುಬಲಿಯರ ಕಥೆಯಲ್ಲಿ ಮಂತ್ರಿಗಳು ಸೇನೆಗಳನ್ನು ದೂರ ನಿಲ್ಲಿಸಿ, ಜಗಳ ಯಾರದೋ ಅವರೇ ತಮ್ಮ ದೇಹಗಳಿಂದ ಅದನ್ನು ತೀರಿಸಿಕೊಳ್ಳಲೆಂದು ಏರ್ಪಡಿಸಿದರು. ಆಧುನಿಕ ರಾಜ್ಯಗಳ ನಡುವೆ ಅಂಥ ಏರ್ಪಾಡು ಅಸಾಧ್ಯ. ನಾಯಕನು ಪ್ರಜೆಯಷ್ಟೇ ಅಪಾಯಕ್ಕೆ ಒಡ್ಡಿಕೊಳ್ಳುವುದು ಅದರ ದೂರದ ನೆರಳು ಮಾತ್ರ.

ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ಶಾಸನಸಭೆಯ ಒಳಗೆ ಸ್ವಯಂಸೇವಕರು ಬೇಟೆಯ ಕೋವಿ, ಪೆಟ್ರೋಲು ತುಂಬಿದ ಬಾಟಲಿಗಳನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸುವ ಶ್ರಾವಕಾಚಾರದ ಪರಂಪರೆಯಲ್ಲಿ ಆತ್ಮರಕ್ಷಣೆಯ ವಿರೋಧೀ ಹಿಂಸೆಯನ್ನು ಗೃಹಸ್ಥನಿಗೆ ಪೂರ್ತಿ ನಿಷೇಧಿಸಿಲ್ಲ. ಚಾವುಂಡರಾಯನಂಥ ದಂಡನಾಯಕ ಶ್ರಾವಕನಾಗಿಯೇ ಬಾಳಿದನು. ಲಿಥುವೇನಿಯಾದ ಜನ ಮಹಾವ್ರತಿಗಳಾಗಿರಲಿಲ್ಲ. ಅನುಮತಿಯಿದ್ದ ಹಿಂಸೆಯನ್ನೂ ಕೊನೆಯ ಬಾಗಿಲಿನ ಹಿಂದೆ ಇರಿಸಿ, ಹೊರಗೆ ಬರಿಗೈಯಲ್ಲಿ ನಿಂತದ್ದು ಅವರ ಸಂಯಮದ ಅಳತೆ. ಅದನ್ನು ಶುದ್ಧ ಅಹಿಂಸೆಯೆಂದು ಹೊಗಳುವುದೂ ಬರಿಯ ತಂತ್ರವೆಂದು ತಳ್ಳಿಹಾಕುವುದೂ ಏಕಾಂತವಾದವೇ ಆಗುತ್ತದೆ.

ಅನೇಕಾಂತದೃಷ್ಟಿಯುಳ್ಳವರು ಈ ಪುಸ್ತಕದ ಜೊತೆಗೆ ಗೊರ್ಬಚೇವರ ಸ್ಮೃತಿಗಳನ್ನೂ ಓದಬೇಕು. ದಾಳಿಗೆ ತಾವು ಆಜ್ಞೆ ಕೊಡಲಿಲ್ಲವೆಂದು ಅವರು ಕೊನೆಯವರೆಗೂ ಹೇಳಿದರು. ಆಜ್ಞೆ ಯಾರದೆಂಬ ವಿಷಯದಲ್ಲಿ ನಯಭೇದಕ್ಕೆ ಅವಕಾಶವುಂಟು; ಹದಿನಾಲ್ಕು ಹೆಣಗಳ ವಿಷಯದಲ್ಲಿ ಇಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಫೆಬ್ರುವರಿಯ ಜನಾಭಿಪ್ರಾಯ ಸಂಗ್ರಹದಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ ತೊಂಬತ್ತು ಜನ ಸ್ವತಂತ್ರ ಪ್ರಜಾಪ್ರಭುತ್ವವನ್ನು ಬಯಸಿದರು. ದೊಡ್ಡವರೆಲ್ಲ ಲೆಕ್ಕಾಚಾರದಲ್ಲಿದ್ದಾಗ ಮೊದಲು ಮನ್ನಣೆ ಸಾರಿದ್ದು ಐಸ್‌ಲ್ಯಾಂಡ್ ಎಂಬ ಇನ್ನೂ ಪುಟ್ಟ ದೇಶ. ಆಗಸ್ಟ್‌ನಲ್ಲಿ ಮಾಸ್ಕೋದ ಸೈನಿಕ ಕ್ಷಿಪ್ರಕ್ರಾಂತಿ ವಿಫಲವಾಯಿತು. ಸೆಪ್ಟೆಂಬರ್ 6ರಂದು ಸೋವಿಯತ್ ಸರ್ಕಾರವೂ ಮನ್ನಣೆಯಿತ್ತಿತು. 17ರಂದು ಲಿಥುವೇನಿಯಾ ವಿಶ್ವಸಂಸ್ಥೆಯ ಸದಸ್ಯವಾಯಿತು. ಮರುವರ್ಷದ ಚುನಾವಣೆಯಲ್ಲಿ ಜನ ಲಾಂಡ್ಸ್‌ಬರ್ಗಿಸ್ ಪಕ್ಷವನ್ನು ಸೋಲಿಸಿ, ಹಿಂದಿನ ಕಮ್ಯುನಿಸ್ಟ್ ನಾಯಕ ಬ್ರಜೌಸ್ಕಾಸರ ಪಕ್ಷವನ್ನು ಗೆಲ್ಲಿಸಿದರು. ಅವರು ಅಧಿಕಾರ ಬಿಟ್ಟುಕೊಟ್ಟು ವಿರೋಧಪಕ್ಷದಲ್ಲಿ ಕುಳಿತರು.

ಆ ಬ್ರಜೌಸ್ಕಾಸರೇ ದೇಶದ ಅಧ್ಯಕ್ಷರಾಗಿ 1995ರಲ್ಲಿ ಇಸ್ರೇಲಿನ ಸಂಸತ್ತಿನಲ್ಲಿ ನಿಂತು, ನಾತ್ಸಿ ಆಕ್ರಮಣದ ಕಾಲದ ಯೆಹೂದ್ಯರ ಹತ್ಯಾಕಾಂಡದಲ್ಲಿ ಕೈಜೋಡಿಸಿದ ಲಿಥುವೇನಿಯನ್ನರ ಪರವಾಗಿ ಕ್ಷಮೆ ಯಾಚಿಸಿದರು. ಲಾಂಡ್ಸ್‌ಬರ್ಗಿಸ್ ಮನೆಯಲ್ಲಿಯೇ ಆ ಕಾಲದ ಎರಡು ಮುಖಗಳಿದ್ದವು: ತಂದೆ 1941ರ ಅಲ್ಪಾವಧಿಯ ಹಂಗಾಮಿ ಸರ್ಕಾರದಲ್ಲಿ ಮಂತ್ರಿ; ತಾಯಿ ಯೆಹೂದ್ಯರಿಗೆ ಆಶ್ರಯವಿತ್ತು ಕಾಪಾಡಿದವರೆಂದು ಇಸ್ರೇಲಿನ ಗೌರವಕ್ಕೆ ಪಾತ್ರರಾದವರು. ತನ್ನ ಮೇಲಾದ ಅನ್ಯಾಯವನ್ನು ನೆನೆಯುವ ಜನಾಂಗಕ್ಕೆ ತಾನು ಮಾಡಿದ ಅನ್ಯಾಯದ ಪ್ರತಿಕ್ರಮಣ ಎಷ್ಟು ಕಷ್ಟವೆಂಬುದು ಇಲ್ಲಿ ಕಾಣುತ್ತದೆ. ಅದನ್ನು ಮಾಡಿದವರು ಸ್ವಾತಂತ್ರ್ಯದ ನಾಯಕರಲ್ಲ, ಅವರನ್ನು ಸೋಲಿಸಿದವರು.

ಜನವರಿ 13ರ ಹತ್ಯೆಗಳ ವಿಚಾರಣೆ 2019ರ ಮಾರ್ಚ್‌ನಲ್ಲಿ ವಿಲ್ನಿಯಸ್ ನ್ಯಾಯಾಲಯದ ತೀರ್ಪನ್ನು ಕಂಡಿತು. ಸೋವಿಯತ್ ರಕ್ಷಣಾ ಮಂತ್ರಿಯಾಗಿದ್ದ ಯಾಜೋವ್ ಸೇರಿದಂತೆ 67 ಮಂದಿ ಅಪರಾಧಿಗಳೆಂದು ಘೋಷಿತರಾದರು; ಅವರಲ್ಲಿ ಹೆಚ್ಚಿನವರು ನ್ಯಾಯಾಲಯಕ್ಕೆ ಬರಲೇ ಇಲ್ಲ. ಕ್ಷಮಾವಣಿಯನ್ನು ಆಚರಿಸುವವರಿಗೆ ಇಪ್ಪತ್ತೆಂಟು ವರ್ಷಗಳ ಬಳಿಕದ ಈ ದಂಡನೆ ವೈರದ ಮುಂದುವರಿಕೆಯೆಂದು ತೋರಬಹುದು. ಆದರೆ ಕ್ಷಮೆಗೆ ಮೊದಲು ಆಲೋಚನೆ ಬೇಕು, ಮಾಡಿದ ತಪ್ಪನ್ನು ಮಾಡಿದವನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ರಷ್ಯಾ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಬದಲಾಗಿ ಆ ಮೊಕದ್ದಮೆ ನಡೆಸಿದ ಲಿಥುವೇನಿಯಾದ ನ್ಯಾಯಾಧೀಶರ ಮತ್ತು ಅಭಿಯೋಜಕರ ಮೇಲೆಯೇ ಮೊಕದ್ದಮೆ ಹೂಡಿತು. ಶಾಸನಸಭೆಯ ಸುತ್ತ ಅಂದು ಕಟ್ಟಿದ ಕಾಂಕ್ರೀಟ್ ತಡೆಗೋಡೆಯ ಒಂದಿಷ್ಟು ತುಂಡುಗಳನ್ನು ಕಟ್ಟಡದ ಪಕ್ಕದಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ.